ಚೀಟಿ ಮೇಷ್ಟ್ರು ಪತ್ತೆ ಮಾಡಿದ ಮೂಗರ್ಜಿ

ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ನಲವತ್ತೆರಡು ಚಪ್ಪಲಿ ಡಬ್ಬಗಳಿಂದ. ಡಬ್ಬದೊಳಗೆ ಚಪ್ಪಲಿಗಳೇ ಇದ್ದಿದ್ದರೆ ಮೇಷ್ಟ್ರ ಹೆಂಡತಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಯಾರ ಕಾಲಿಗಾದರೂ ಆಗುತ್ತಿದ್ದವು. ಇದ್ದದ್ದು ಬರೀ ಚೀಟಿ. ಅಂಗೈಯಗಲದ ಚೀಟಿ, ಒಂದೊಂದು ಡಬ್ಬದಲ್ಲಿ ಸಾವಿರದ ಹತ್ತಿರ ಹತ್ತಿರ.

ಮೇಷ್ಟ್ರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಪಾಠದಲ್ಲಲ್ಲ. ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಗದ್ಯದಲ್ಲಿ ಯಾವ ಪದಗುಚ್ಛ ಎಷ್ಟು ಸಲ ಮರಳಿ ಮರಳಿ ಬರುತ್ತದೆ ಎಂದು ಎಣಿಸುವುದು ಅವರ ಹದಿನೆಂಟು ವರ್ಷದ ತಪಸ್ಸು. ಸಂಜೆಯಾದರೆ ದನ ತಾನಾಗಿ ತನ್ನ ಕೊಟ್ಟಿಗೆಗೆ ಬರುವ ಹಾಗೆ, ಪ್ರತಿಯೊಬ್ಬ ಬರಹಗಾರನಿಗೂ ಅವನಿಗೇ ಗೊತ್ತಿಲ್ಲದೆ ಮರಳಿ ಬರುವ ನಾಲ್ಕು ಮಾತುಗಳಿರುತ್ತವೆ, ಆ ನಾಲ್ಕು ಮಾತು ಸಿಕ್ಕರೆ ಹೆಸರಿಲ್ಲದ ಬರಹವನ್ನೂ ಇಂಥವರದೇ ಎಂದು ಹೇಳಬಹುದು ಎನ್ನುವುದು ಅವರ ಸಿದ್ಧಾಂತ. ಈ ಸಿದ್ಧಾಂತವನ್ನು ಅವರು ಕಾಲೇಜಿನ ಪ್ರತಿ ಸಭೆಯಲ್ಲೂ ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಹಾಗಾಗಿ ಚೀಟಿ ಮೇಷ್ಟ್ರು ಎಂಬ ಹೆಸರು ಬಿದ್ದು, ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಡಬ್ಬಗಳು ಮನೆಯ ಹಿಂದಿನ ಕೋಣೆಯನ್ನು ಪೂರ್ತಿ ಹಿಡಿದಿದ್ದವು. ಮಂಚದ ಕೆಳಗೆ ಹದಿನಾರು, ಮಂಚದ ಮೇಲೆ ಹತ್ತೊಂಬತ್ತು, ಉಳಿದವು ಕಿಟಕಿಗೆ ಒರಗಿಕೊಂಡು. ಆ ಮಂಚದ ಮೇಲೆ ಅವತ್ತು ಸಂಜೆಯಿಂದ ಮಾವನವರು ಮಲಗಬೇಕಾಗಿತ್ತು.

"ಅಪ್ಪ ಐದೂವರೆ ಬಸ್ಸಿಗೆ ಬರ್ತಾರೆ. ಕಣ್ಣಿನ ಆಪರೇಷನ್ ಆಗಿ ವಾಸಿಯಾಗೋ ತನಕ ಇಲ್ಲೇ ಇರ್ತಾರೆ," ಎಂದಳು ಹೆಂಡತಿ, ಮೇಷ್ಟ್ರ ಊಟದ ಡಬ್ಬಿಯ ಮುಚ್ಚಳ ಒತ್ತುತ್ತ. "ಅಷ್ಟರೊಳಗೆ ಇವು ಎಲ್ಲಿಗಾದರೂ ಹೋಗಬೇಕು. ಹಳೇ ಪೇಪರಿನವನಿಗೆ ಹೇಳಿದ್ದೀನಿ, ಆರು ಗಂಟೆಗೆ ಬರ್ತಾನೆ."

 ಇವತ್ತು ಪ್ರಿನ್ಸಿಪಾಲರ ಹತ್ತಿರ ಮಹಡಿಯ ಮೂಲೆ ರೂಮು ಕೇಳಿಯೇಬಿಡುತ್ತೇನೆ, ಡಬ್ಬಗಳನ್ನು ಅಲ್ಲಿಗೆ ಸಾಗಿಸುತ್ತೇನೆ ಎಂದರು ಮೇಷ್ಟ್ರು.

"ಹನ್ನೊಂದು ವರ್ಷದಿಂದ ಇವತ್ತೇ ಕೇಳ್ತೀನಿ ಅಂತಿದ್ದೀರಿ. ಬಾಯಿ ಬಿಟ್ಟು ಕೇಳದೆ ಇದ್ರೆ ಯಾರೂ ಕೊಡಲ್ಲ. ಇಷ್ಟೂ ಗೊತ್ತಾಗಲ್ವಾ ನಿಮಗೆ?"

ಮಾತು ನಿಜವೇ. ಹಳೆಯ ಇಂಗ್ಲಿಷಿನಲ್ಲಿ ವಿನಯದಿಂದ ಬೇಡಿಕೊಳ್ಳುವ ಬಗೆಗಳನ್ನು ಮೇಷ್ಟ್ರು ಇನ್ನೂರ ಹದಿಮೂರು ಚೀಟಿಗಳಲ್ಲಿ ಕೂಡಿಟ್ಟಿದ್ದರು. ಪ್ರಿನ್ಸಿಪಾಲರ ಮೇಜಿನ ಎದುರು ನಿಂತರೆ ಮಾತ್ರ ಒಂದೂ ಬಾಯಿಗೆ ಬರುತ್ತಿರಲಿಲ್ಲ. ರೂಮು ಕೇಳಲು ಒಳಗೆ ಹೋದವರು ಪರೀಕ್ಷೆಯ ವೇಳಾಪಟ್ಟಿ ಕೇಳಿಕೊಂಡು ಹೊರಗೆ ಬರುತ್ತಿದ್ದರು. ಹೀಗೆ ಅವರ ಬಳಿ ಹನ್ನೊಂದು ವರ್ಷದ ವೇಳಾಪಟ್ಟಿಗಳು ಶೇಖರವಾಗಿದ್ದವು.

ಅವತ್ತು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಹೆಡ್ ಕ್ಲರ್ಕು ಎದುರಾಗಿ, ಪ್ರಿನ್ಸಿಪಾಲರು ಕರೆಯುತ್ತಿದ್ದಾರೆ, ಈಗಿಂದೀಗಲೇ ಎಂದ. ಹೆಡ್ ಕ್ಲರ್ಕಿಗೆ ಕಾಲೇಜಿನ ಎಲ್ಲ ಸುದ್ದಿಯೂ ಅದು ಆಗುವುದಕ್ಕೆ ಅರ್ಧ ಗಂಟೆ ಮುಂಚೆಯೇ ಗೊತ್ತಿರುತ್ತಿತ್ತು.

ಪ್ರಿನ್ಸಿಪಾಲರದು ಸಂತೋಷವಾದರೂ ದುಃಖವಾದರೂ ಒಂದೇ ಥರ ಇರುವ ಮುಖ. ಅದನ್ನು ನೋಡಿ ಯಾವ ಅರ್ಥವನ್ನೂ ತೆಗೆಯುವ ಹಾಗಿರಲಿಲ್ಲವಾದ್ದರಿಂದ ಎಲ್ಲರೂ ಅದಕ್ಕೆ ಸಿಟ್ಟು ಎಂದೇ ಅರ್ಥ ಮಾಡಿಕೊಳ್ಳುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಬದಿಗೆ ಕಾಲೇಜಿನ ಐವತ್ತು ವರ್ಷದ ಚರಿತ್ರೆಯ ಹಸ್ತಪ್ರತಿ ಬಿದ್ದಿತ್ತು. ಅದನ್ನು ಇಂಗ್ಲಿಷಿನಲ್ಲಿ ಬರೆದವರು ಚೀಟಿ ಮೇಷ್ಟ್ರೇ. ಆಡಳಿತ ಮಂಡಳಿಯ ಅಧ್ಯಕ್ಷರು ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದ "ನಿದ್ದೆ ಬರುತ್ತದೆ" ಎಂಬ ಷರಾ ದೂರಕ್ಕೂ ಕಾಣುತ್ತಿತ್ತು. ಇನ್ನೊಂದು ಬದಿಗೆ, ಟೈಪು ಮಾಡಿದ ಎರಡು ಹಾಳೆ.

"ಮೂಗರ್ಜಿ," ಎಂದರು ಪ್ರಿನ್ಸಿಪಾಲರು. "ನಾನು ಮೂರು ಸಲ ಓದಿದೆ."

ಹೆಸರಿಲ್ಲದ ಆ ಪತ್ರ ಹಳೆಯ ಕಾಲದ ಗಂಭೀರ ಇಂಗ್ಲಿಷಿನಲ್ಲಿತ್ತು. ಮಹಡಿಯ ಮೂಲೆ ರೂಮಿಗೆ ಬೀಗ ಬಿದ್ದಿದೆ, ಒಳಗೆ ಮೂರು ಮುರಿದ ಕುರ್ಚಿಯೂ ಒಂದು ಒಳ್ಳೆಯ ಬೆಂಚೂ ಇವೆ, ಮಧ್ಯಾಹ್ನ ಊಟವಾದ ಮೇಲೆ ಆ ಬೆಂಚಿನ ಮೇಲೆ ಪ್ರಿನ್ಸಿಪಾಲರು ನಿದ್ದೆ ಮಾಡುತ್ತಾರೆ, ಆ ರೂಮನ್ನು ಯಾರಾದರೂ ವಿದ್ವಾಂಸರಿಗೆ ಕೊಟ್ಟರೆ ರೂಮಿಗೂ ಗೌರವ, ಬೆಂಚಿಗೂ ವಿಶ್ರಾಂತಿ ಎಂದು ಬರೆದಿತ್ತು. ಪ್ರಿನ್ಸಿಪಾಲರ ಮಧ್ಯಾಹ್ನದ ನಿದ್ದೆ ಇಡೀ ಕಾಲೇಜಿಗೆ ಗೊತ್ತಿದ್ದ ಗುಟ್ಟು. ಗೊತ್ತಿದೆ ಎನ್ನುವುದು ಗೊತ್ತಿಲ್ಲದಿದ್ದವರು ಪ್ರಿನ್ಸಿಪಾಲರೊಬ್ಬರೇ.

"ಪದಗಳ ವರಸೆ ನೋಡಿ ಬರೆದವರನ್ನ ಪತ್ತೆ ಮಾಡ್ತೀನಿ ಅಂತಿರ್ತೀರಲ್ಲ ಮೇಷ್ಟ್ರೇ, ಮಾಡಿ. ಬರೆದವರು ನನಗೆ ಇವತ್ತೇ ಬೇಕು. ನಾಲ್ಕೂವರೆಗೆ ಹೆಸರು ಹೇಳಿದ್ರೆ ಆ ರೂಮು ನಿಮಗೆ. ಹೇಗೂ ಇನ್ನು ನಾನು ಅಲ್ಲಿ ಮಲಗೋ ಹಾಗಿಲ್ಲ."

ಬೇಡದೆಯೇ ವರ ಸಿಕ್ಕಿತು. ಮೇಷ್ಟ್ರು ಹಾಳೆಗಳನ್ನು ಎದೆಗೆ ಅವಚಿಕೊಂಡು ಲೈಬ್ರರಿಗೆ ಓಡಿದರು.

ಅವರು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬರೆಯದವರೂ ಹೆದರಿದರು. ದಿನವಿಡೀ ವಟಗುಟ್ಟುತ್ತಿದ್ದ ಲೆಕ್ಕದ ಮೇಷ್ಟ್ರು ಮಾತಾಡಿದರೆ ವರಸೆ ಸಿಕ್ಕಿಬೀಳುತ್ತದೆಂದು ತರಗತಿಯಲ್ಲಿ ಬರೀ ಬೋರ್ಡಿನ ಮೇಲೆ ಅಂಕಿ ಬರೆದರು. ರಸಾಯನಶಾಸ್ತ್ರದ ಮೇಡಂ ಬಂದು, ತನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲವೆಂದು ಒಳ್ಳೆಯ ಇಂಗ್ಲಿಷಿನಲ್ಲಿ ವಿವರಿಸಿದರು. ಲೈಬ್ರೇರಿಯನ್ ಮಾತ್ರ ಎದುರು ಮೇಜಿನಿಂದ ಅಲ್ಲಾಡದೆ ಕೂತು, ಇದು ಹೆಡ್ ಕ್ಲರ್ಕಿನದೇ ಕೆಲಸ ಎಂದು ಗಂಟೆಗೆ ನಾಲ್ಕು ಸಲ ಹೇಳುತ್ತಿದ್ದ. ಅವರಿಬ್ಬರಿಗೂ ಒಂದು ಏಣಿಯ ವಿಷಯದಲ್ಲಿ ಹಳೆಯ ವೈರವಿತ್ತು.

ಹೋಲಿಸಿ ನೋಡಲು ಎಲ್ಲರ ಬರವಣಿಗೆಯೂ ಬೇಕಲ್ಲ? ಹೆಡ್ ಕ್ಲರ್ಕು ಹತ್ತು ವರ್ಷದ ರಜಾ ಅರ್ಜಿಗಳ ಕಟ್ಟನ್ನೇ ತಂದು ಹಾಕಿದ. ಮೇಷ್ಟ್ರು ಪತ್ರದ ಮೊದಲ ಹಾಳೆಯಿಂದ ಶುರು ಮಾಡಿದರು. ಅವರು ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಅವರು ಎಣಿಸುತ್ತಿದ್ದರು. ಒಂದು ಸಾಲಿನ ಎಣಿಕೆ ಮುಗಿಯುವ ತನಕ ಮುಂದಿನ ಸಾಲಿನ ಮೇಲೆ ಕಣ್ಣು ಹಾಯಿಸುವುದು ಅವರ ಪ್ರಕಾರ ಶಿಸ್ತಿಗೆ ವಿರುದ್ಧ.

ಮೊದಲ ಸಾಲಿನಲ್ಲೇ ಸಿಕ್ಕಿತು: "ಇಟ್ ಕೆನಾಟ್ ಬಟ್ ಬಿ ಅಬ್ಸರ್ವ್ಡ್." ಗಮನಿಸದೆ ಇರಲಾಗದು ಎಂದು ಅದರ ಅರ್ಥ. ಈ ಕಾಲದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಮೇಷ್ಟ್ರು ಅರ್ಜಿಗಳನ್ನು ತಿರುವಿದರು. ರಸಾಯನಶಾಸ್ತ್ರದ ಮೇಡಂ ತಂಗಿಯ ಮದುವೆಗೆ ರಜೆ ಕೇಳಿದ್ದ ಅರ್ಜಿಯಲ್ಲಿ ಅದೇ ಮಾತು. ಸಿಕ್ಕಿಬಿದ್ದರು ಎಂದುಕೊಂಡು ಮುಂದಿನ ಅರ್ಜಿ ತೆಗೆದರೆ ಲೆಕ್ಕದ ಮೇಷ್ಟ್ರ ಹಲ್ಲುನೋವನ್ನೂ ಗಮನಿಸದೆ ಇರಲಾಗುತ್ತಿರಲಿಲ್ಲ. ವ್ಯಾಯಾಮದ ಮೇಷ್ಟ್ರ ಕಾಲುಳುಕು, ಲೈಬ್ರೇರಿಯನ್ನನ ಅಜ್ಜಿಯ ಕಾಯಿಲೆ, ಕೊನೆಗೆ ಹೆಡ್ ಕ್ಲರ್ಕಿನ ಮನೆಗೆ ಸುಣ್ಣ ಹೊಡೆಸುವುದು, ಎಲ್ಲವೂ ಅದೇ ಗಾಂಭೀರ್ಯದಿಂದ, ಅದೇ ಪದಗುಚ್ಛಗಳಿಂದ ಬಂದಿದ್ದವು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಹಾಕಿದಾಗ ಅರ್ಜಿ ಕೊಟ್ಟಿದ್ದ ಹನ್ನೆರಡು ಜನವೂ ಆ ಪತ್ರ ಬರೆದಿದ್ದರು.

ಹನ್ನೆರಡು ಜನರೂ ಸೇರಿ ಸಂಚು ಹೂಡಿದ್ದಾರೆಂದು ಬಾಗಿಲ ಬಳಿ ಕಿವಿಯಿಟ್ಟಿದ್ದ ಹೆಡ್ ಕ್ಲರ್ಕು ಕಾರಿಡಾರಿನ ಉದ್ದಕ್ಕೂ ಹೇಳಿಕೊಂಡು ಬಂದ. ಆ ಹನ್ನೆರಡರಲ್ಲಿ ತಾನೂ ಒಬ್ಬ ಎನ್ನುವುದು ಗೊತ್ತಾದ ಮೇಲೆ ಅಷ್ಟೇ ದೂರ ವಾಪಸು ನಡೆದು, ಹಾಗೇನಿಲ್ಲ ಎಂದು ಹೇಳಿಕೊಂಡು ಬಂದ.

ಎದುರು ಕೂತಿದ್ದ ಲೈಬ್ರೇರಿಯನ್ ಆಕಳಿಸಿದ. "ಒಂದು ಮಾತು ಹೇಳ್ಲಾ ಮೇಷ್ಟ್ರೇ? ಈ ಅರ್ಜಿಗಳನ್ನೆಲ್ಲ ಬರೆದುಕೊಟ್ಟೋರು ನೀವೇ ಅಲ್ವಾ? ನಮಗೆಲ್ಲಿ ಬರುತ್ತೆ ಈ ಇಂಗ್ಲಿಷು. ನಾವು ಬರೀ ಸೈನು."

ಮೇಷ್ಟ್ರಿಗೆ ಹದಿನೆಂಟು ವರ್ಷ ಒಂದೇ ಸಲ ತಲೆಯ ಮೇಲೆ ಬಿದ್ದಂತಾಯಿತು. ಕಾಲೇಜಿನಲ್ಲಿ ಯಾರಿಗೆ ನೆಗಡಿಯಾದರೂ ಅರ್ಜಿ ಬರೆದುಕೊಟ್ಟವರು ಅವರೇ. ತಮ್ಮ ಚೀಟಿಗಳ ಒಳ್ಳೆಯ ಮಾತುಗಳನ್ನೆಲ್ಲ ಅವರಿವರ ಹಲ್ಲುನೋವಿಗೆ ಹಂಚಿದವರೂ ಅವರೇ. ಹಾಗಾದರೆ ಲೆಕ್ಕದ ಪ್ರಕಾರ ಮೂಗರ್ಜಿ ಬರೆದವರು ಯಾರು? ಚೀಟಿ ಮೇಷ್ಟ್ರು. ಬರೆದಿಲ್ಲ ಎಂದರೆ ಸಿದ್ಧಾಂತ ಸುಳ್ಳು, ಡಬ್ಬಗಳೆಲ್ಲ ಹಳೇ ಪೇಪರು. ಬರೆದಿದ್ದೇನೆ ಎಂದರೆ ಕೆಲಸಕ್ಕೆ ಸಂಚಕಾರ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ. ಅರೆ ನಿಮಿಷ ಅವರಿಗೆ, ನಾನೇ ನಿದ್ದೆಗಣ್ಣಿನಲ್ಲಿ ಬರೆದೆನೋ ಏನೋ ಎಂದು ನಿಜವಾಗಿಯೂ ಅನುಮಾನ ಬಂತು.

ಒಂದೇ ಒಂದು ವರಸೆ ಮಾತ್ರ ಅವರದಾಗಿರಲಿಲ್ಲ. ಮೊದಲ ಹಾಳೆಯಲ್ಲೇ ಮೂರು ಸಲ, ಪ್ರತಿ ವಾದದ ಕೊನೆಗೂ, "ಇಷ್ಟು ಕೂಡ ತಮಗೆ ತಿಳಿಯದಿರಲು ಸಾಧ್ಯವೇ?" ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂದಿತ್ತು. ಈ ಮಾತು ಯಾವ ಡಬ್ಬದಲ್ಲೂ ಇರಲಿಲ್ಲ. ಮೇಷ್ಟ್ರಿಗೆ ಇದನ್ನು ಎಲ್ಲೋ ಕೇಳಿದ ಹಾಗಿತ್ತು. ಯಾವ ಶತಮಾನದಲ್ಲಿ ಎಂದು ನೆನಪಾಗಲಿಲ್ಲ. ಅಂಚಿನಲ್ಲಿ ಕೆಂಪು ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋದರು.

ಮೂರು ಗಂಟೆಗೆ ಎರಡನೆಯ ಹಾಳೆಯ ಕೊನೆಯ ಸಾಲು ಬಂತು. ಆ ಮೂಲೆ ರೂಮು ಇಷ್ಟು ವರ್ಷ "ಮುಚ್ಚಿದ ಬಾಗಿಲಿನ ತಾಳ್ಮೆಯಿಂದ" ಕಾದಿದೆ ಎಂದು ಅಲ್ಲಿತ್ತು. ಮೇಷ್ಟ್ರ ಪೆನ್ಸಿಲು ಅಲ್ಲೇ ನಿಂತಿತು.

ಮುಚ್ಚಿದ ಬಾಗಿಲಿನ ತಾಳ್ಮೆ. ಇದು ಅವರ ಜೀವಮಾನದ ಶೋಧ. ಯಾರೂ ಓದದ ಒಬ್ಬ ಪ್ರವಾಸಿಯ ಪುಸ್ತಕದಲ್ಲಿ ಮಾತ್ರ ನಾಲ್ಕು ಸಲ ಬರುವ ಮಾತು. ಯಾರ ಅರ್ಜಿಗೂ ಅವರು ಅದನ್ನು ಕೊಟ್ಟಿರಲಿಲ್ಲ. ಹಲ್ಲುನೋವಿಗೆ ಹಾಕುವಂಥ ಮಾತಲ್ಲ ಅದು. ಆ ಚೀಟಿ ಮೂರು ತಿಂಗಳ ಹಿಂದೆ ಮನೆಯಲ್ಲೇ ಕಾಣೆಯಾಗಿತ್ತು. ಮೇಷ್ಟ್ರು ಎರಡು ದಿನ ಅನ್ನ ಬಿಟ್ಟು ಹುಡುಕಿದ್ದರು. ಗಾಳಿಗೆ ಹಾರಿಹೋಗಿರಬೇಕು ಎಂದು ಹೆಂಡತಿ ಸಮಾಧಾನ ಹೇಳಿದ್ದಳು.

ಮೇಷ್ಟ್ರು ಹಾಳೆಗಳನ್ನು ಮಡಚಿ ಮನೆಯ ಕಡೆಗೆ ಓಡಿದರು. ಹತ್ತು ನಿಮಿಷದ ದಾರಿ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಹೆಂಡತಿ ಹಿಂದಿನ ಕೋಣೆಯಲ್ಲಿ ಡಬ್ಬಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದಳು. ಪತ್ರ ನೋಡಿ ಒಂದಿಷ್ಟೂ ಗಾಬರಿಯಾಗಲಿಲ್ಲ.

"ಹೂಂ, ನಾನೇ ಬರೆದೆ," ಎಂದಳು. "ಹದಿನೆಂಟು ವರ್ಷದಿಂದ ಧೂಳು ಹೊಡೀತಿದ್ದೀನಿ. ಧೂಳು ಹೊಡೆಯುವಾಗ ಕಣ್ಣು ಮುಚ್ಕೊಳ್ಳೋಕೆ ಆಗುತ್ತಾ? ಓದ್ತಾ ಓದ್ತಾ ಬಾಯಿಗೆ ಬಂತು."

ಈ ಚೀಟಿಗಳಿಂದ ನೀವು ಬರೆಯಬೇಕಿದ್ದ ಪ್ರಬಂಧ ಟೈಪು ಮಾಡಲೆಂದು ನನಗೆ ಟೈಪಿಂಗ್ ಕಲಿಸಿದಿರಿ, ಆ ಪ್ರಬಂಧ ಬರಲೇ ಇಲ್ಲ, ಕಲಿತ ವಿದ್ಯೆ ಕೈ ಕಡಿಯುತ್ತಿತ್ತು ಎಂದಳು. ಅಪ್ಪ ಬರುತ್ತಾರೆಂದು ಮೂರು ವಾರದ ಹಿಂದೆಯೇ ಗೊತ್ತಿತ್ತು. ಗಂಡ ಬಾಯಿ ಬಿಟ್ಟು ಕೇಳುವವರಲ್ಲ ಎನ್ನುವುದೂ ಗೊತ್ತಿತ್ತು. ಮೂಲೆ ರೂಮಿನ ಬೆಂಚಿನ ಕಥೆಯನ್ನಂತೂ ಮೇಷ್ಟ್ರೇ ಊಟದ ಹೊತ್ತಿಗೆ ಎಷ್ಟೋ ಸಲ ಹೇಳಿದ್ದರು. ಎದುರು ಮನೆಯ ಟೈಪಿಂಗ್ ಕ್ಲಾಸಿನಲ್ಲಿ ಅರ್ಧ ಗಂಟೆ ಕೂತು ಕೆಲಸ ಮುಗಿಸಿ, ಸ್ಟಾಂಪು ಹಚ್ಚಿ ಅಂಚೆಗೆ ಹಾಕಿದ್ದಳು.

"ನಾನು ಹೆಸರು ಹಾಕಿ ಬರೆದಿದ್ರೆ, ಹೆಂಡತಿ ಕೈಲಿ ಕೇಳಿಸ್ತಾರೆ ಅಂತ ನಿಮ್ಮ ಮರ್ಯಾದೆ ಹೋಗ್ತಿತ್ತು. ಇಷ್ಟೂ ಗೊತ್ತಾಗಲ್ವಾ ನಿಮಗೆ?"

ಮೇಷ್ಟ್ರಿಗೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಅವರ ಲೆಕ್ಕ ತಪ್ಪಿರಲಿಲ್ಲ; ಸಿದ್ಧಾಂತ ಗೆದ್ದಿತ್ತು. ಆದರೆ ಗೆದ್ದದ್ದನ್ನು ಹೇಳುವುದು ಯಾರಿಗೆ? ಹೆಸರು ಹೇಳಿದರೆ ರೂಮು ಸಿಗುತ್ತದೆ, ಹೆಂಡತಿಯ ಮಾನ ಪ್ರಿನ್ಸಿಪಾಲರ ಮೇಜಿನ ಮೇಲೆ ಬೀಳುತ್ತದೆ. ಹೇಳದಿದ್ದರೆ ಆರು ಗಂಟೆಗೆ ಹಳೇ ಪೇಪರಿನವನು. ಮೇಷ್ಟ್ರು ಒಮ್ಮೆ ಡಬ್ಬಗಳ ಕಡೆ ನೋಡಿದರು, ಒಮ್ಮೆ ಸೆರಗಿನಿಂದ ಏಳನೆಯ ಡಬ್ಬದ ಮುಚ್ಚಳ ಒರೆಸುತ್ತಿದ್ದ ಹೆಂಡತಿಯ ಕಡೆ ನೋಡಿದರು. ಅವಳ ಮೇಲೆ ಅವರಿಗೆ ಆ ಕ್ಷಣ ಬಂದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದರು.  ಹೊತ್ತಾಯಿತು ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ನಾಲ್ಕೂವರೆಗೆ ಪ್ರಿನ್ಸಿಪಾಲರ ಬಾಗಿಲ ಮುಂದೆ ಹನ್ನೆರಡು ಜನವೂ ಹಾಜರಿದ್ದರು. ಮೇಷ್ಟ್ರು ಅವರ ನಡುವೆ ಹಾದು ಒಳಗೆ ಹೋಗಿ, ಪತ್ರವನ್ನು ಮೇಜಿನ ಮೇಲಿಟ್ಟು, ಜೀವನದಲ್ಲಿ ಮೊದಲ ಸಲ ಅಲ್ಲಿ ಒಂದು ಪೂರ್ತಿ ವಾಕ್ಯ ಹೇಳಿದರು.

"ಇದನ್ನ ಬರೆದವನು ನಾನೇ ಸಾರ್."

ಹೊರಗೆ ಹನ್ನೆರಡು ಉಸಿರು ಒಟ್ಟಿಗೆ ಬಿಟ್ಟ ಸದ್ದು ಕೇಳಿತು. ಪ್ರಿನ್ಸಿಪಾಲರು ಎದ್ದು ನಿಂತರು. ಮುಖ ಎಂದಿನಂತೆಯೇ ಇತ್ತು. ಮೇಜು ಸುತ್ತಿ ಬಂದು ಮೇಷ್ಟ್ರ ಎರಡೂ ಕೈಗಳನ್ನು ಹಿಡಿದುಕೊಂಡರು. ಹೊಡೆಯುವುದಕ್ಕೆ ಮೊದಲು ಕೈ ಹಿಡಿದುಕೊಳ್ಳುತ್ತಿದ್ದಾರೆ ಎಂದೇ ಮೇಷ್ಟ್ರು ಭಾವಿಸಿದರು.

"ಇಂಥ ಇಂಗ್ಲಿಷ್ ನಾನು ಓದಿ ಎಷ್ಟು ಕಾಲ ಆಗಿತ್ತು ಮೇಷ್ಟ್ರೇ. ನನ್ನನ್ನೇ ಬೈದಿದೆ, ಆದರೂ ಮೂರು ಸಲ ಓದಿದೆ, ಮೂರು ಸಲವೂ ನಕ್ಕೆ. ಅಧ್ಯಕ್ಷರಿಗೂ ಫೋನಿನಲ್ಲಿ ಓದಿ ಹೇಳಿದೆ. ಇದನ್ನ ಬರೆದವರನ್ನ ಹುಡುಕಿ, ಚರಿತ್ರೆಯನ್ನ ಅವರ ಕೈಯಲ್ಲೇ ಬರೆಸಿ ಅಂದ್ರು."

 ಪ್ರಿನ್ಸಿಪಾಲರು "ನಿದ್ದೆ ಬರುತ್ತದೆ" ಎಂಬ ಷರಾದ ಹಸ್ತಪ್ರತಿಯನ್ನು ಎತ್ತಿ ಮೇಷ್ಟ್ರ ಕೈಗಿಟ್ಟು, ಇಷ್ಟು ಚೆನ್ನಾಗಿ ಬರೆಯುವವರು ಇದನ್ನೇಕೆ ಹೀಗೆ ಬರೆದಿರಿ ಎಂದು ಕೇಳಿದರು. ಆಗ ಸ್ವಲ್ಪ ಮೈ ಸರಿಯಿರಲಿಲ್ಲ ಎಂದರು ಮೇಷ್ಟ್ರು. ತಿಂಗಳೊಳಗೆ ಪೂರ್ತಿ ಹೊಸದಾಗಿ, ಇದೇ ಪತ್ರದ ಧಾಟಿಯಲ್ಲಿ ಬರೆದುಕೊಡಬೇಕು ಎಂದು ಪ್ರಿನ್ಸಿಪಾಲರು ಆ ಪತ್ರವನ್ನೂ ಮೂಲೆ ರೂಮಿನ ಬೀಗದ ಕೈಯನ್ನೂ ಅವರ ಜೇಬಿಗೆ ಹಾಕಿದರು. ಹೊರಗಿದ್ದ ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರದೇ ಅಂತ ತನಗೆ ಬೆಳಿಗ್ಗೆಯೇ ಗೊತ್ತಿತ್ತು ಎಂದು ಹೆಡ್ ಕ್ಲರ್ಕು ಎಲ್ಲರಿಗೂ ಹೇಳಿದ.

ಮೇಷ್ಟ್ರು ಮನೆಗೆ ಬಂದಾಗ ಮಾವನವರು ಹೊಸಿಲ ಬಳಿ ಟ್ರಂಕಿನ ಮೇಲೆ ಕೂತಿದ್ದರು. ರೈಲಿನ ಗಾರ್ಡಾಗಿ ನಿವೃತ್ತರಾದವರು. ಅಳಿಯ ಹನ್ನೆರಡು ನಿಮಿಷ ತಡ ಎಂದು ಗಡಿಯಾರ ನೋಡಿ ಹೇಳಿದರು. ಮೇಷ್ಟ್ರು ಹೆಂಡತಿಯನ್ನು ಒಳಗೆ ಕರೆದು ನಡೆದದ್ದನ್ನೆಲ್ಲ ಒದರಿದರು. ಕೊನೆಗೆ, ತಮಗೆ ಎಣಿಸಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ, ಹೇಗಾದರೂ ಮಾಡಿ ಮಾನ ಕಾಪಾಡು ಎಂದು ಕೈ ಮುಗಿದರು.

ಅವಳು ಹಸ್ತಪ್ರತಿಯ ಮೊದಲ ಪುಟ ಓದಿದಳು. ಎರಡನೆಯ ಪುಟಕ್ಕೆ ಆಕಳಿಸಿದಳು. ಆಮೇಲೆ, ಬರೀತೀನಿ ಎಂದಳು. ಅಷ್ಟರಲ್ಲಿ ಬಾಗಿಲಿಗೆ ಬಂದ ಹಳೇ ಪೇಪರಿನವನನ್ನು, ಇವು ಇನ್ನು ನನಗೆ ಬೇಕು ಎಂದು ವಾಪಸು ಕಳಿಸಿದಳು. ಮೇಷ್ಟ್ರಿಗೆ ಹೋದ ಜೀವ ಬಂತು. ಬೀಗದ ಕೈ ತೆಗೆದು ಕುಣಿಸುತ್ತ, ಈಗಲೇ ಕೈಗಾಡಿ ತರುತ್ತೇನೆ, ನಲವತ್ತೆರಡು ಡಬ್ಬವನ್ನೂ ಮೂಲೆ ರೂಮಿಗೆ ಸಾಗಿಸೋಣ ಎಂದರು.

ಹೆಂಡತಿ ಅವರ ಕೈಯಿಂದ ಬೀಗದ ಕೈ ತೆಗೆದುಕೊಂಡು ತನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

"ಡಬ್ಬ ಅಲ್ಲಿ ಬೇಡ. ಬರೆಯೋಕೆ ಕೂತ್ಕೊಳ್ಳೋರಿಗೆ ಜಾಗ ಬೇಕು, ಧೂಳು ಇರಬಾರದು. ಬೆಳಿಗ್ಗೆಯಿಂದ ಸಂಜೆವರೆಗೆ ನಾನಲ್ಲಿ ಒಳಗಿಂದ ಚಿಲಕ ಹಾಕ್ಕೊಂಡು ಬರೀತೀನಿ. ಮೇಷ್ಟ್ರು ಹೇಳ್ತಾರೆ, ಹೆಂಡತಿ ಟೈಪು ಮಾಡ್ತಾಳೆ ಅಂತ ಎಲ್ಲರಿಗೂ ಹೇಳಿ. ನನಗೆ ಯಾವ ಡಬ್ಬ ಬೇಕೋ ಹೇಳ್ತೀನಿ, ಬೆಳಿಗ್ಗೆ ತಂದುಕೊಟ್ಟು ಸಂಜೆ ವಾಪಸ್ ಒಯ್ಯಿರಿ. ಇಷ್ಟೂ ಗೊತ್ತಾಗಲ್ವಾ ನಿಮಗೆ?"

ಹಿಂದಿನ ಕೋಣೆ ಮಾವನವರದಾಯಿತು. ಡಬ್ಬಗಳು ನಡುಮನೆಗೆ ಬಂದು, ಮೇಷ್ಟ್ರು ಹಾಸಿಗೆ ಹಾಸಿಕೊಳ್ಳುತ್ತಿದ್ದ ಜಾಗದಲ್ಲಿ ಸಾಲಾಗಿ ನಿಂತವು. ಇನ್ನು ಅವರು ಮಲಗಬೇಕಾದದ್ದು ಹತ್ತೊಂಬತ್ತನೆಯ ಡಬ್ಬಕ್ಕೂ ಇಪ್ಪತ್ತನೆಯದಕ್ಕೂ ನಡುವೆ, ಅದೂ ಒಂದೇ ಮಗ್ಗುಲಾಗಿ. ಹೆಂಡತಿ ಕಾಣೆಯಾಗಿದ್ದ ಚೀಟಿಯನ್ನು ತನ್ನ ಪುಸ್ತಕದೊಳಗಿನಿಂದ ತೆಗೆದು ಅವರ ಕೈಗೆ ಕೊಟ್ಟು, ಅಪ್ಪನಿಗೆ ಚಹ ಮಾಡಲು ಹೋದಳು.

ಮೇಷ್ಟ್ರು ಮುಚ್ಚಿದ ಬಾಗಿಲಿನ ತಾಳ್ಮೆಯನ್ನು ಅದರ ಡಬ್ಬಕ್ಕೆ ಸೇರಿಸುತ್ತಿದ್ದರು. ಒಲೆಯ ಕಡೆಯಿಂದ ಮಾತು ಕೇಳಿಬಂತು. ಬಿಸಿ ಲೋಟವನ್ನು ಬರಿಗೈಯಲ್ಲಿ ಹಿಡಿದ ತಂದೆಗೆ ಅವಳು, "ಇಷ್ಟೂ ಗೊತ್ತಾಗಲ್ವಾ ನಿಮಗೆ?" ಎನ್ನುತ್ತಿದ್ದಳು.

ಮೇಷ್ಟ್ರ ಕೈ ಅಲ್ಲೇ ನಿಂತಿತು. ಜೇಬಿನಿಂದ ಮೂಗರ್ಜಿ ತೆಗೆದು ಅಂಚಿನ ಕೆಂಪು ಪ್ರಶ್ನೆಚಿಹ್ನೆಯನ್ನು ನೋಡಿದರು. ಹದಿನೆಂಟು ವರ್ಷದಲ್ಲಿ ಇದು ಎಷ್ಟು ಸಾವಿರ ಸಲ ಕಿವಿಗೆ ಬಿದ್ದಿತ್ತೋ, ಒಂದು ಸಲವಾದರೂ ಎಣಿಸಿರಲಿಲ್ಲ. ಒಂದು ಹೊಸ ಚೀಟಿ ತೆಗೆದು ಆ ಮಾತನ್ನು ಬರೆದರು, ಪಕ್ಕದಲ್ಲಿ ಇವತ್ತಿನ ಲೆಕ್ಕ ನಾಲ್ಕು ಎಂದು ಹಾಕಿದರು. ಆಮೇಲೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು, ನಲವತ್ತಮೂರನೆಯ ಡಬ್ಬ ಕೇಳಲು ಚಪ್ಪಲಿ ಅಂಗಡಿಯ ಕಡೆ ಹೊರಟರು.